ಉಭಯ ಕುಶಲೋಪರಿ

2020ರ ಮೇ 21ರ ಬೆಳಿಗ್ಗೆ ಕುಣಿಗಲಿನಲ್ಲಿ ನಾವು ಕಟ್ಟಿಸುತ್ತಿದ್ದ ಮನೆಗೆ ಹೋದಾಗ ಟೈಲ್ಸ್ ಮೇಸ್ತ್ರಿ ಅಡುಗೆಮನೆಯ ನೆಲದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ. ಹಿಂದಿನ ದಿನ ಕೂರಿಸಿದ ಟೈಲುಗಳನ್ನು ಕರಣೆಯ ಹಿಡಿಯಿಂದ ಒಂದೊಂದಾಗಿ ತಟ್ಟಿ, ತಲೆ ವಾರೆ ಮಾಡಿ ಸದ್ದು ಕೇಳುವುದು ಅವನ ಬೆಳಗಿನ ಮೊದಲ ಕೆಲಸ. ಅಡಿಯಲ್ಲಿ ಗಾರೆ ತುಂಬಿ ಕೂತಿದ್ದರೆ ಒಂದು ಸದ್ದು, ಟೊಳ್ಳಿದ್ದರೆ ಇನ್ನೊಂದು. ಆವತ್ತು ಕರಣೆ ಪಕ್ಕದಲ್ಲಿ ಬಿದ್ದಿತ್ತು, ಕೈಯಲ್ಲಿ ಫೋನಿತ್ತು.

ಅವನು ಪಶ್ಚಿಮ ಬಂಗಾಳದವನು. ಲಾಕ್‌ಡೌನಿನಲ್ಲಿ ಊರಿಗೆ ಹೋಗಲಾಗದೆ ಇಬ್ಬರು ಹುಡುಗರ ಜೊತೆ ಅದೇ ಅರೆಬರೆ ಮನೆಯಲ್ಲಿ ಉಳಿದಿದ್ದ. ರಾತ್ರಿ ಟಿ.ವಿ.ಯಲ್ಲಿ ಅಂಫಾನ್ ಚಂಡಮಾರುತದ ಸುದ್ದಿ ನೋಡಿದ್ದ ನಾನು ಕೇಳಿದೆ, "ಏನಪ್ಪಾ, ಊರಲ್ಲಿ ಎಲ್ಲಾ ಆರಾಮಾ?" ಅವನು ತನಗೆ ಬರುವಷ್ಟು ಕನ್ನಡದಲ್ಲಿ, "ಫೋನ್ ಹೋಗ್ತಾ ಇಲ್ಲ ಸಾರ್" ಅಂದ. "ನೆಟ್‌ವರ್ಕ್ ಬರುತ್ತೆ ಬಿಡು" ಅಂದೆ. ಅದೇ ಬಾಯಲ್ಲಿ, ಸಿಂಕಿನ ಕೆಳಗೆ ನೀರು ಹರಿಯೋ ಇಳಿಜಾರು ಸರಿಯಿದೆಯಾ ಅಂತಲೂ ಕೇಳಿದೆ.

ಕೇಳಬೇಕಾದ್ದನ್ನು ಕೇಳಿಯಾಗಿತ್ತು. ಆ ಸಮಾಧಾನದಲ್ಲೇ ಮನೆಗೆ ಬಂದು ತಿಂಡಿ ತಿಂದೆ. 'ಬಿಡು' ಎಂಬ ಆ ಎರಡಕ್ಷರ ಏನು ಮಾಡಿತೆಂದು ಹೊಳೆಯಲು ಬಹಳ ದಿನ ಬೇಕಾಯಿತು. ನಮ್ಮ ಕಡೆ 'ಬಿಡು' ಎಂದರೆ ಧೈರ್ಯ ಹೇಳಿದಂತೆಯೂ ಹೌದು, ಮಾತು ಮುಗಿಸಿದಂತೆಯೂ ಹೌದು. ಪ್ರಶ್ನೆ ಕೇಳಿದವನು ನಾನು, ಉತ್ತರ ಪೂರ್ತಿಯಾಗುವ ಮೊದಲೇ ಬಾಗಿಲು ಹಾಕಿದವನೂ ನಾನೇ.

ನಮ್ಮ ಹಿರಿಯರು ಕಾಗದ ಬರೆಯುವಾಗ ನೆತ್ತಿಯ ಮೇಲೆ 'ಕ್ಷೇಮ' ಎಂದು ಬರೆದು, ಒಕ್ಕಣೆಯ ಮೊದಲಿಗೆ 'ಉಭಯ ಕುಶಲೋಪರಿ ಸಾಂಪ್ರತ' ಎಂದು ಹಾಕುತ್ತಿದ್ದರು. ಬರೆದು ಬರೆದು ಅದು 'ಉ. ಕು. ಸಾಂ.' ಆಗಿ, ಆಮೇಲೆ ಶಾಲೆಯ ಪತ್ರಲೇಖನದ ನಗೆಚಾಟಿಕೆಯಾಗಿ ಹೋಯಿತು. ಆದರೆ ಅದರಲ್ಲೊಂದು ಕ್ರಮವಿದೆ: ಎರಡೂ ಕಡೆಯ ಕುಶಲದ ಮಾತು ಆದ ಮೇಲೆಯೇ ಈಗಿನ ವಿಷಯ. ಗದ್ದೆಯ ಗುತ್ತಿಗೆಯಿರಲಿ, ಮಗಳ ಮದುವೆಯಿರಲಿ, ಸಾಲದ ಬಡ್ಡಿಯೇ ಇರಲಿ, ಅದು ಎರಡನೆಯದು. 'ಉಭಯ' ಎನ್ನುವಾಗ ಬರೆಯುವವನು ತನ್ನ ಕ್ಷೇಮದ ಲೆಕ್ಕವನ್ನೂ ಒಪ್ಪಿಸಬೇಕು, ಓದುವವನದನ್ನೂ ಕೇಳಬೇಕು. ಈ ಕ್ರಮವನ್ನು ನಾವು ನೆಂಟರ ಜೊತೆ ಇವತ್ತಿಗೂ ಪಾಲಿಸುತ್ತೇವೆ. ಕೆಲಸದವರ ಜೊತೆ ತಿರುಗಿಸಿ ಹಾಕುತ್ತೇವೆ. ಕುಶಲ ಅಲ್ಲಿ ವಿಷಯಕ್ಕೆ ಹಾಕಿದ ಒಗ್ಗರಣೆ ಮಾತ್ರ.

ನನ್ನ ವಾದ ಇಷ್ಟು. ದೊಡ್ಡದೊಂದು ಅನಾಹುತವಾದಾಗ ನಮ್ಮ ಮನೆಯ ಗೋಡೆ ಎಬ್ಬಿಸಿದವನ, ನೆಲ ಹಾಸಿದವನ, ಬಾಗಿಲು ಕೂರಿಸಿದವನ ಕ್ಷೇಮ ವಿಚಾರಿಸುವುದನ್ನು ನಾವು ಸೌಜನ್ಯದ ಖಾತೆಯಲ್ಲಿ ಬರೆದುಕೊಂಡಿದ್ದೇವೆ. ಅದು ಬಾಕಿಯ ಖಾತೆಯಲ್ಲಿ ಇರಬೇಕಾದದ್ದು. ಸೌಜನ್ಯವನ್ನು ತೋರಿಸಬಹುದು, ಬಿಡಬಹುದು. ಬಾಕಿ ಹಾಗಲ್ಲ.

ಅಂಫಾನ್ 2020ರ ಮೇ 20ರ ಮಧ್ಯಾಹ್ನದಿಂದ ಸುಂದರಬನದ ಕಡೆಯಿಂದ ನೆಲಕ್ಕೆ ಏರಿತು. ಗಾಳಿಯ ವೇಗ ಗಂಟೆಗೆ 155ರಿಂದ 165 ಕಿಲೋಮೀಟರ್, ಬೀಸಿ ಹೊಡೆದಾಗ 185. ಪಶ್ಚಿಮ ಬಂಗಾಳವೊಂದರಲ್ಲೇ 90ಕ್ಕೂ ಹೆಚ್ಚು ಜನ ಸತ್ತರು. ಕಟ್ಟೆಗಳು ಒಡೆದು ಸಮುದ್ರದ ನೀರು ಭತ್ತದ ಗದ್ದೆಗೂ ಸಿಹಿನೀರ ಕೊಳಕ್ಕೂ ನುಗ್ಗಿತು. ದಕ್ಷಿಣ 24 ಪರಗಣ ಜಿಲ್ಲೆಯ ಆ ಭಾಗ ವೀಳ್ಯದೆಲೆಯ ಸೀಮೆ. ನಮ್ಮ ತುಮಕೂರು ಕಡೆಯಂತೆ ಅಡಿಕೆ, ತೆಂಗಿನ ನೆರಳಲ್ಲಿ ಬಳ್ಳಿ ಹಬ್ಬಿಸುವುದಿಲ್ಲ. ಬಿದಿರು, ಸೆಣಬಿನ ಕಡ್ಡಿ, ಹುಲ್ಲು ಸೇರಿಸಿ ಮನೆಯ ಹಾಗೆ ಮುಚ್ಚಿಗೆ ಕಟ್ಟಿ ಒಳಗೆ ಬೆಳೆಯುತ್ತಾರೆ. ಗಾಳಿಗೆ ಅದು ಬಿದ್ದರೆ ಎಲೆಯಷ್ಟೇ ಹೋಗುವುದಿಲ್ಲ, ತೋಟವೇ ಮಗುಚಿ ಹೋಗುತ್ತದೆ. ಉಪ್ಪು ಹತ್ತಿದ ಗದ್ದೆ ಮತ್ತೆ ಭತ್ತಕ್ಕೆ ಬರಲು ಒಂದೆರಡು ಮಳೆಗಾಲ ಸುರಿದು ತೊಳೆಯಬೇಕು.

ಇದೆಲ್ಲ ನಡೆಯುವಾಗ ಮೇಸ್ತ್ರಿ ಎಲ್ಲಿದ್ದ? ಕುಣಿಗಲಿನಲ್ಲಿ. ನಾನು ಹೆಚ್ಚು ಕೇಳದೇ ಇದ್ದುದಕ್ಕೆ ಕಾರಣವೂ ಇದೇ. ಅವನು ಇಲ್ಲೇ ಇದ್ದ, ಕಣ್ಣೆದುರಿಗೇ ಇದ್ದ, ಮೈಗೆ ಒಂದು ಗೀರೂ ಆಗಿರಲಿಲ್ಲ. ಚಂಡಮಾರುತದ ಸಂತ್ರಸ್ತ ಎಂದರೆ ಮಾಡು ಹಾರಿದ ಮನೆಯ ಮುಂದೆ ನಿಂತವನು ಎಂಬ ಟಿ.ವಿ. ಚಿತ್ರ ನನ್ನ ತಲೆಯಲ್ಲಿತ್ತು. ಎರಡು ಸಾವಿರ ಕಿಲೋಮೀಟರಿನಷ್ಟು ದೂರದಲ್ಲಿ, ಒಣಗಿದ ನೆಲದ ಮೇಲೆ, ಹೋಗದ ಫೋನನ್ನು ಮತ್ತೆ ಮತ್ತೆ ಒತ್ತುತ್ತಾ ಕೂತವನೂ ಸಂತ್ರಸ್ತನೇ ಎಂದು ಹೊಳೆಯಲಿಲ್ಲ. ಹೋಗೋಣವೆಂದರೆ ಅವನಿಗೆ ದಾರಿಯೂ ಇರಲಿಲ್ಲ. ಆ ತಿಂಗಳ 5ರಂದು ಕರ್ನಾಟಕ ಸರ್ಕಾರ, ಕಟ್ಟಡ ನಿರ್ಮಾಣದ ಉದ್ಯಮಿಗಳ ಜೊತೆ ಮಾತಾಡಿದ ಮೇಲೆ, ವಲಸೆ ಕಾರ್ಮಿಕರನ್ನು ಊರಿಗೆ ಮುಟ್ಟಿಸುವ ಶ್ರಮಿಕ ರೈಲುಗಳು ಬೇಡವೆಂದು ರೈಲ್ವೆಗೆ ಬರೆದಿತ್ತು. ಟೀಕೆ ಬಂದು ಎರಡೇ ದಿನದಲ್ಲಿ ತೀರ್ಮಾನ ಬದಲಿಸಿತು. ಚಂಡಮಾರುತ ಹೊಡೆದ ಮೇಲೆ ಪಶ್ಚಿಮ ಬಂಗಾಳ ಸರ್ಕಾರವೇ ಮೇ 26ರವರೆಗೆ ಶ್ರಮಿಕ ರೈಲು ಕಳಿಸಬೇಡಿ ಎಂದು ಕೇಳಿಕೊಂಡಿತು. ಹಾನಿಯಾದ ಜಿಲ್ಲೆಗಳಲ್ಲಿ ಬಂದವರನ್ನು ನೋಡಿಕೊಳ್ಳುವ ಸ್ಥಿತಿಯಿರಲಿಲ್ಲ ಎಂಬುದು ನಿಜವೇ. ಆದರೆ ಅಡುಗೆಮನೆಯ ನೆಲದಲ್ಲಿ ಕೂತವನ ಕಡೆಯಿಂದ ನೋಡಿದರೆ, ಮೊದಲು ಇಲ್ಲಿಯವರು ಬಿಡಲಿಲ್ಲ, ಆಮೇಲೆ ಅಲ್ಲಿಯವರು ಕರೆದುಕೊಳ್ಳಲಿಲ್ಲ.

ಆಗ ನನ್ನ ಫೋನಿನಲ್ಲಿ ಅವನ ಹೆಸರು 'ಟೈಲ್ಸ್ ಬಂಗಾಳಿ' ಎಂದಿತ್ತು. ನನ್ನದೊಬ್ಬನದೇ ಕಥೆಯಲ್ಲ. ಯಾರ ಫೋನಾದರೂ ತೆಗೆದು ನೋಡಿ: 'ಪ್ಲಂಬರ್ ಹೊಸ', 'ಎಲೆಕ್ಟ್ರಿಷಿಯನ್ 2', 'ಮೋಟರ್ ರಿಪೇರಿ', 'ಗಾರೆ ಹುಲಿಯೂರುದುರ್ಗ'. ಹುಲಿಯೂರುದುರ್ಗದವನಾದರೆ ಊರಾದರೂ ಇರುತ್ತದೆ, ಏಕೆಂದರೆ ಅದು ನಮಗೆ ಗೊತ್ತಿರುವ ಊರು. ಗೊತ್ತಿಲ್ಲದ ಊರಿನವನಿಗೆ ರಾಜ್ಯವೇ ಹೆಸರು. ಕ್ಷೇಮ ವಿಚಾರಿಸಬೇಕೆಂದರೆ ಗಾಳಿ ಏಳುವ ಮೊದಲೇ ತಿಳಿದಿರಬೇಕಾದದ್ದು ಎರಡು: ಅವನ ಹೆಸರು, ಅವನ ಹಳ್ಳಿ. ಇವೆರಡೂ ಗೊತ್ತಿಲ್ಲದಿದ್ದರೆ ಸುದ್ದಿಯಲ್ಲಿ ಬರುವ ಊರುಗಳ ಪಟ್ಟಿ ನಮಗೆ ಭೂಗೋಳದ ಪಾಠವಷ್ಟೇ.

ಇದು ಭಾಷೆಯ ಪ್ರಶ್ನೆ ಎಂದು ಯಾರಾದರೂ ಹೇಳಬಹುದು. ಬಂಗಾಳಿಯ ಊರು ನಮಗೆ ಹೇಗೆ ಗೊತ್ತಾಗಬೇಕು? 2009ನ್ನು ನೆನಪಿಸಿಕೊಳ್ಳೋಣ. ಆ ವರ್ಷ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ರಾಯಚೂರು, ಬಾಗಲಕೋಟೆ, ವಿಜಯಪುರದ ಕಡೆ ಬಂದ ನೆರೆಗೆ 200ಕ್ಕೂ ಹೆಚ್ಚು ಜನ ಸತ್ತರು, ಲಕ್ಷಗಟ್ಟಲೆ ಮನೆಗಳು ಕುಸಿದವು. ಆ ಹೊತ್ತಿಗೆ ಅದೇ ಸೀಮೆಯಿಂದ ಗುಳೆ ಬಂದವರು ಬೆಂಗಳೂರಿನ ಸುತ್ತಮುತ್ತ ಕಾಂಕ್ರೀಟು ಹೊರುತ್ತಿದ್ದರು. ಅವರು ಕನ್ನಡದವರೇ. ಎಷ್ಟು ಮಾಲೀಕರು ಅವರ ಹತ್ತಿರ 'ನಿಮ್ಮ ಹಳ್ಳಿ ಯಾವುದು, ಗೋಡೆ ನಿಂತಿದೆಯಾ' ಎಂದು ಕೇಳಿರಬಹುದು? ಅದೇ 2009ರ ಮೇ 25ರಂದು ಐಲಾ ಚಂಡಮಾರುತ ಸುಂದರಬನಕ್ಕೆ ಹೊಡೆದಿತ್ತು. ಗದ್ದೆಗೆ ಉಪ್ಪುನೀರು ನುಗ್ಗಿದ ಮೇಲೆ ಅಲ್ಲಿಯ ಗಂಡಸರು ದೊಡ್ಡ ಸಂಖ್ಯೆಯಲ್ಲಿ ಕೂಲಿಗೆಂದು ಬೇರೆ ರಾಜ್ಯಗಳ ಕಡೆ, ದಕ್ಷಿಣಕ್ಕೂ ಹೊರಟರು. ಅಂದರೆ ನಮ್ಮ ಅಡುಗೆಮನೆಗೆ ನೆಲ ಹಾಸುವವನು ಕುಣಿಗಲಿಗೆ ಬಂದು ಮುಟ್ಟಿದ್ದಕ್ಕೆ ಹಳೆಯ ಚಂಡಮಾರುತವೇ ಕಾರಣವಾಗಿರಬಹುದು. ಒಂದು ಗಾಳಿ ಅವನನ್ನು ಇಲ್ಲಿಗೆ ದೂಡುತ್ತದೆ, ಇನ್ನೊಂದು ಗಾಳಿ ಅವನು ಬಿಟ್ಟು ಬಂದದ್ದನ್ನು ಕೆಡವುತ್ತದೆ. ನಮಗೆ ಸಿಕ್ಕಿದ್ದು ಚದರಡಿಗೆ ಅಗ್ಗದ ದರ.

ಈಗ ಎದುರುವಾದಕ್ಕೆ ಬರುತ್ತೇನೆ. ಗೆಳೆಯರೊಬ್ಬರು ನೇರವಾಗಿಯೇ ಕೇಳಿದರು: "ಅವನು ಕೆಲಸ ಮಾಡಿದ, ನೀನು ದುಡ್ಡು ಕೊಟ್ಟೆ. ಅಲ್ಲಿಗೆ ಲೆಕ್ಕ ಚುಕ್ತಾ. ಆಮೇಲಿನ ಸಂಬಂಧ ಎಲ್ಲಿಂದ ಬಂತು?" ಇದು ಹಗುರವಾದ ಪ್ರಶ್ನೆಯಲ್ಲ. ದುಡ್ಡಿಗೆ ಮುಗಿಯುವ ಸಂಬಂಧದಲ್ಲಿ ಒಂದು ಬಿಡುಗಡೆಯಿದೆ, ಕೆಲಸ ಮಾಡುವವನಿಗೆ ಹೆಚ್ಚಿನ ಬಿಡುಗಡೆ. ಹಳೆಯ ಆಯದ ವ್ಯವಸ್ಥೆ ನೋಡಿ. ಬಡಗಿ, ಕಮ್ಮಾರ, ಕುಂಬಾರ, ಅಗಸ, ತಳವಾರ, ಕೆರೆಯ ತೂಬು ನೋಡಿಕೊಳ್ಳುವ ನೀರುಗಂಟಿ, ಹೀಗೆ ಹನ್ನೆರಡು ಆಯಗಾರರಿಗೆ ಸುಗ್ಗಿಯಲ್ಲಿ ಕಣದಲ್ಲೇ ಪಾಲು ಅಳೆಯುತ್ತಿದ್ದರು. ಕುಣಿಗಲ್ ಕೆರೆಯಂಥ ದೊಡ್ಡ ಕೆರೆಯ ಕೆಳಗೆ ನೀರುಗಂಟಿಯ ಮನೆಯಲ್ಲಿ ಒಲೆ ಉರಿಯುತ್ತಿದೆಯೇ ಇಲ್ಲವೇ ಎಂಬುದು ಗದ್ದೆಯವನಿಗೆ ಗೊತ್ತಿರಲೇಬೇಕಿತ್ತು. ಮಳೆ ಹೋದರೆ ಇಬ್ಬರಿಗೂ ಹೋಯಿತು, ಬೆಳೆ ಬಂದರೆ ಇಬ್ಬರಿಗೂ ಬಂತು. ಕೇಳಲು ಇಷ್ಟು ಸೊಗಸಾಗಿದೆ. ಆದರೆ ಆಯದಲ್ಲಿ ಕೆಲಸ ಹುಟ್ಟಿನಿಂದ ಬರುತ್ತಿತ್ತು, ಅಳತೆ ಗೌಡನ ಕೈಯಲ್ಲಿತ್ತು, ತೋಟಿ ತಳವಾರರಿಗೆ ಕಣದ ಅಂಚಿನಲ್ಲಿ ಜಾಗ. ಕ್ಷೇಮ ವಿಚಾರಿಸುವ ಯಜಮಾನನಿಗೆ 'ನೀನು ನನ್ನವನು' ಎನ್ನುವ ಹಕ್ಕೂ ಇತ್ತು. ಆ ಹಕ್ಕು ಬೇಡವೇ ಬೇಡ. ಆದರೆ ಹಕ್ಕನ್ನು ಬಿಡುವಾಗ ಹೊಣೆಯನ್ನೂ ಅದರ ಜೊತೆ ಕಸಕ್ಕೆ ಹಾಕಿದ್ದು ನಮಗೆ ಬಹಳ ಅನುಕೂಲವಾಯಿತು ಎಂದಷ್ಟೇ ನನ್ನ ತಕರಾರು.

ಮೇಲಾಗಿ, 'ಲೆಕ್ಕ ಚುಕ್ತಾ' ಎಂಬುದು ಎಷ್ಟು ಸಲ ನಿಜ? ಮನೆ ಕಟ್ಟಿಸಿದವರಿಗೆ ಗೊತ್ತು. 'ಪೂರ್ತಿ ದುಡ್ಡು ಕೊಟ್ಟುಬಿಟ್ಟರೆ ತಿರುಗಿ ನೋಡಲ್ಲ, ಸ್ವಲ್ಪ ಹಿಡ್ಕೊಂಡಿರಿ' ಎನ್ನುವುದು ಎಲ್ಲರೂ ಎಲ್ಲರಿಗೂ ಕೊಡುವ ಸಲಹೆ. ನಾನೂ ಆರು ಸಾವಿರ ಹಿಡಿದುಕೊಂಡಿದ್ದೆ. ಸ್ಕರ್ಟಿಂಗ್ ಬಾಕಿಯಿತ್ತು, ಬಚ್ಚಲಿನ ಒಂದು ಗೋಡೆ ಬಾಕಿಯಿತ್ತು. ಜೂನ್ ಮೊದಲ ವಾರ ಅವನಿಗೆ ರೈಲು ಸಿಕ್ಕಿತು. ಹೊರಡುವ ಹಿಂದಿನ ಸಂಜೆ ಬಂದು ನಿಂತ. ನಾನು ದಾರಿಖರ್ಚಿಗೆಂದು ಎರಡು ಸಾವಿರ ಕೊಟ್ಟೆ, ಉಳಿದದ್ದು ಬಂದು ಕೆಲಸ ಮುಗಿಸಿದ ಮೇಲೆ ಎಂದೆ. ಅವನು ವಾದಿಸಲಿಲ್ಲ. ಮಣ್ಣಿನ ಗೋಡೆಯ ಮನೆ ಕುಸಿದು ಹೆಂಡತಿ ಮಕ್ಕಳು ಶಾಲೆಯ ಕಟ್ಟಡದಲ್ಲಿದ್ದಾರೆಂದು ಅವನಿಗೆ ಆ ಹೊತ್ತಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ, ಏಕೆಂದರೆ 21ನೇ ತಾರೀಖಿನ ನಂತರ ನಾನು ಮತ್ತೆ ಕೇಳಿರಲಿಲ್ಲ. ಜೊತೆಗಿದ್ದ ಹುಡುಗನೊಬ್ಬ ಆಮೇಲೆ ಹೇಳಿದ. ನಾಲ್ಕು ಸಾವಿರ ಕಳಿಸಿದ್ದು ಜುಲೈನಲ್ಲಿ. ಮಾಡಿಗೆ ಹಾಕುವ ಶೀಟಿನ ಬೆಲೆ ಅಷ್ಟರಲ್ಲಿ ಏರಿತ್ತಂತೆ.

ಅದಕ್ಕೇ ಹೇಳಿದ್ದು, ಕ್ಷೇಮ ವಿಚಾರಣೆ ಬಾಕಿಯ ಖಾತೆಯದೆಂದು. ಬಟವಾಡೆ ಉಳಿಸಿಕೊಂಡು 'ಹೇಗಿದೀಯಪ್ಪಾ' ಎಂದು ಕೇಳುವುದು ಎರಡು ನಾಲಿಗೆಯ ಮಾತು. ಮೊದಲು ಹಿಡಿದ ದುಡ್ಡು ಬಿಡಬೇಕು, ಆಮೇಲೆ ಬಾಯಿ ಬಿಡಬೇಕು. ಕೆಲವರು ಇದರ ಇನ್ನೊಂದು ತುದಿಗೆ ಹೋಗುತ್ತಾರೆ. ಕನಿಕರದಿಂದ ದೊಡ್ಡ ಮುಂಗಡ ಕೊಡುತ್ತಾರೆ, 'ಕೆಲಸ ಮಾಡಿ ತೀರಿಸು' ಎನ್ನುತ್ತಾರೆ. ಅನಾಹುತದ ಹೊತ್ತಲ್ಲಿ ಕೊಟ್ಟ ಮುಂಗಡ ಎಷ್ಟು ಉದ್ದದ ಹಗ್ಗವಾಗಬಲ್ಲದು ಎಂಬುದನ್ನು ನಮ್ಮ ಜೀತದ ಚರಿತ್ರೆಯೇ ಹೇಳುತ್ತದೆ. 1976ರ ಜೀತ ರದ್ದತಿ ಕಾಯ್ದೆ ಜೀತವನ್ನು ಗುರುತಿಸಲು ಹುಡುಕುವುದೂ ಮೊದಲು ಈ ಮುಂಗಡವನ್ನೇ. ಮಾಡಿದ ಕೆಲಸದ ದುಡ್ಡು ಅವನದು, ಮಾಡಬೇಕಾದ ಕೆಲಸದ ದುಡ್ಡು ನಮ್ಮದು. ಕೊಡುವುದಾದರೆ ಮೊದಲನೆಯದನ್ನು ಪೂರ್ತಿ ಕೊಡಬೇಕು. ಅದರ ಮೇಲೆ ಕೊಡುವ ಮನಸ್ಸಿದ್ದರೆ ವಾಪಸು ಕೇಳದಂತೆ ಕೊಡಬೇಕು.

ಇನ್ನು ಯಾವಾಗ ಕೇಳಬೇಕು ಎಂಬ ಮಾತು. ಗಾಳಿ ಹೊಡೆದ ಮರುದಿನ ಎಲ್ಲರೂ ಕೇಳುತ್ತಾರೆ. ಆ ದಿನ ಟವರುಗಳು ಬಿದ್ದಿರುತ್ತವೆ, ಕರೆಂಟಿಲ್ಲ, ಉಳಿದ ಚಾರ್ಜು ಮನೆಯವರನ್ನು ಹುಡುಕಲು ಬೇಕು. ಫೇಸ್‌ಬುಕ್ 2014ರಲ್ಲಿ 'ಸುರಕ್ಷಿತವಾಗಿದ್ದೇನೆ' ಎಂದು ಒಂದು ಗುಂಡಿ ಒತ್ತಿ ಎಲ್ಲರಿಗೂ ತಿಳಿಸುವ ಏರ್ಪಾಡು ತಂದಿತು. ಒಳ್ಳೆಯದೇ. ಆದರೆ ಆ ಗುಂಡಿ ಹೇಳುವುದು ಜೀವವಿದೆ ಎಂಬ ಒಂದೇ ಸಂಗತಿಯನ್ನು.

ಜೀವವಿದೆ ಎಂಬ ಸಂಗತಿಯ ತೂಕವೇ ಈಗ ಬದಲಾಗಿದೆ. 1999ರ ಅಕ್ಟೋಬರ್ 29ರಂದು ಒಡಿಶಾದ ಪಾರಾದೀಪ್ ಬಳಿ ಅಪ್ಪಳಿಸಿದ ಮಹಾ ಚಂಡಮಾರುತದಲ್ಲಿ ಸತ್ತವರು ಸರ್ಕಾರದ ಲೆಕ್ಕದಲ್ಲೇ ಸುಮಾರು ಹತ್ತು ಸಾವಿರ. 2019ರ ಮೇ 3ರಂದು ಪುರಿಯ ಹತ್ತಿರ ಫೋನಿ ಬಂದಾಗ ಅದೇ ರಾಜ್ಯ ಹತ್ತು ಲಕ್ಷಕ್ಕೂ ಹೆಚ್ಚು ಜನರನ್ನು ಮೊದಲೇ ಎತ್ತಂಗಡಿ ಮಾಡಿತ್ತು. ಅಲ್ಲಿ ಸತ್ತವರ ಸಂಖ್ಯೆ ನೂರು ಮುಟ್ಟಲಿಲ್ಲ. ಇದು ನಮ್ಮ ಕಾಲದ ದೊಡ್ಡ ಸಾಧನೆಗಳಲ್ಲೊಂದು, ಅದಕ್ಕೆ ಸಿಗಬೇಕಾದಷ್ಟು ಹೊಗಳಿಕೆ ಸಿಕ್ಕಿಲ್ಲ. ಅದರ ಇನ್ನೊಂದು ಮುಖವೂ ಇದೆ. ಈಗ ಬಹುಪಾಲು ಜನ ಬದುಕಿ ಉಳಿಯುತ್ತಾರೆ, ಬದುಕುವ ಸಾಧನ ಉಳಿಯುವುದಿಲ್ಲ. ದೋಣಿ, ಬಳ್ಳಿ, ಹಸು, ಬಡಗಿಯ ಉಳಿಪೆಟ್ಟಿಗೆ, ಟೈಲು ಕೊಯ್ಯುವ ಮೆಷಿನ್ನು, ಆಧಾರ್ ಕಾರ್ಡು. 'ಜೀವ ಉಳೀತಲ್ಲ, ಅಷ್ಟೇ ಸಾಕು' ಎಂದು ನಾವು ಫೋನಿಡುವ ಹೊತ್ತಿಗೆ ಅವನ ನಿಜವಾದ ವರದಿ ಶುರುವಾಗಿರುವುದಿಲ್ಲ.

ಪೋರ್ಟೊ ರಿಕೊ ದ್ವೀಪಕ್ಕೆ 2017ರ ಸೆಪ್ಟೆಂಬರ್ 20ರಂದು ಮರಿಯಾ ಚಂಡಮಾರುತ ಹೊಡೆಯಿತು. ಸತ್ತವರು 64 ಎಂದು ಅಧಿಕೃತ ಲೆಕ್ಕ ತಿಂಗಳುಗಟ್ಟಲೆ ಹೇಳುತ್ತಿತ್ತು. ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ಅಧ್ಯಯನ 2018ರ ಆಗಸ್ಟಿನಲ್ಲಿ ಬಂದ ಮೇಲೆ ಅಲ್ಲಿಯ ಸರ್ಕಾರ ಆ ಸಂಖ್ಯೆಯನ್ನು 2,975ಕ್ಕೆ ತಿದ್ದಿತು. ಅಧ್ಯಯನ ನೋಡಿದ್ದು ಚಂಡಮಾರುತದಿಂದ ಮುಂದಿನ ಫೆಬ್ರವರಿ ಕೊನೆಯವರೆಗಿನ ಹೆಚ್ಚುವರಿ ಸಾವುಗಳನ್ನು. ಬಡವರು, ವಯಸ್ಸಾದ ಗಂಡಸರು ಹೆಚ್ಚು ಸತ್ತಿದ್ದರು, ಕರೆಂಟು, ಔಷಧಿ, ದಾರಿ ಇಲ್ಲದ ಆ ತಿಂಗಳುಗಳಲ್ಲಿ. ಮೊದಲ ದಿನದ ಫೋನಿಗೆ ಅವರೆಲ್ಲ 'ಆರಾಮಿದೀನಿ' ಎಂದೇ ಉತ್ತರ ಕೊಟ್ಟಿರುತ್ತಿದ್ದರು. ಹಾಗಾಗಿ ಮರುದಿನ ಕೇಳಬೇಡಿ ಎನ್ನುವುದಿಲ್ಲ. ಹದಿನೈದನೆಯ ದಿನ, ಎರಡನೆಯ ತಿಂಗಳು ಕೇಳುವುದು ಹೆಚ್ಚು ಬೇಕಾದದ್ದು. ಆಗ ಸುದ್ದಿವಾಹಿನಿಯವರು ಹೋಗಿರುತ್ತಾರೆ, ಕಿಚಡಿ ಹಂಚುವವರೂ ಹೋಗಿರುತ್ತಾರೆ.

ಕೇಳುವಾಗ 'ಯಾವಾಗ ಬರ್ತೀಯಾ' ಎನ್ನಬಾರದು. ಹೇಳಲು ಸುಲಭ, ನಾಲಿಗೆ ತಡೆಯುವುದು ಕಷ್ಟ. ಆ ಒಂದು ಮಾತು ಬಂದರೆ ಹಿಂದಿನ ಮಾತೆಲ್ಲ ಅದರ ಪೀಠಿಕೆಯಾಗಿಬಿಡುತ್ತದೆ. ಅವನಿಗೂ ಅದು ತಕ್ಷಣ ಗೊತ್ತಾಗುತ್ತದೆ.

'ಒಬ್ಬೊಬ್ಬರು ಫೋನ್ ಮಾಡಿದರೆ ಏನಾಗುತ್ತೆ, ಇದು ಸರ್ಕಾರದ ಕೆಲಸ' ಎನ್ನುವವರ ಮಾತನ್ನು ಅರ್ಧ ಒಪ್ಪುತ್ತೇನೆ. ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಬಂದದ್ದು 1979ರಲ್ಲಿ. ಕರೆತಂದ ಗುತ್ತಿಗೆದಾರ ಪ್ರತಿಯೊಬ್ಬನ ವಿವರವನ್ನೂ ಎರಡೂ ರಾಜ್ಯಗಳ ಅಧಿಕಾರಿಗಳಿಗೆ ಕೊಡಬೇಕು, ಊರಿಗೆ ಹೋಗಿ ಬರುವ ಭತ್ಯೆ ಕೊಡಬೇಕು ಎಂದು ಅದರಲ್ಲಿ ಬರೆದಿತ್ತು. ನಾಲ್ಕು ದಶಕ ಕಳೆದು 2020ರ ಸೆಪ್ಟೆಂಬರಿನಲ್ಲಿ ಲೋಕಸಭೆಯಲ್ಲಿ ಪ್ರಶ್ನೆ ಬಂದಾಗ, ಲಾಕ್‌ಡೌನಿನಲ್ಲಿ ಸತ್ತ ವಲಸೆ ಕಾರ್ಮಿಕರ ಲೆಕ್ಕ ತನ್ನ ಬಳಿ ಇಲ್ಲವೆಂದು ಕಾರ್ಮಿಕ ಸಚಿವಾಲಯ ಉತ್ತರಿಸಿತು. ಇ-ಶ್ರಮ್ ನೋಂದಣಿ ಶುರುವಾದದ್ದು 2021ರ ಆಗಸ್ಟಿನಲ್ಲಿ. ಸರ್ಕಾರದ ಫೋನಿನಲ್ಲೂ ಅವನು ಅಲ್ಲಿಯವರೆಗೆ 'ಟೈಲ್ಸ್ ಬಂಗಾಳಿ'ಯೇ ಆಗಿದ್ದ ಎಂದಾಯಿತು. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಡಿ ನಮ್ಮಲ್ಲೂ ಕಲ್ಯಾಣ ಮಂಡಳಿ ಬಂತು, ಕಟ್ಟಡದ ವೆಚ್ಚದ ಮೇಲೆ ಶೇ. 1ರಷ್ಟು ಸೆಸ್ ಕೂಡುತ್ತಾ ಬಂದಿದೆ. ಸೌಲಭ್ಯ ಬೇಕಾದರೆ ವರ್ಷದಲ್ಲಿ 90 ದಿನ ಕೆಲಸ ಮಾಡಿದ್ದಕ್ಕೆ ಪ್ರಮಾಣಪತ್ರ ಬೇಕು. ಆ ಕಾಗದಕ್ಕೆ ಸಹಿ ಹಾಕಬೇಕಾದವರಲ್ಲಿ ಕೆಲಸ ಕೊಟ್ಟ ನಾವೂ ಸೇರಿದ್ದೇವೆ. ಸಹಿ ಹಾಕಬೇಕೆಂದರೆ ಹೆಸರು ಗೊತ್ತಿರಬೇಕು. ಸರ್ಕಾರದ ಕೆಲಸ ಮತ್ತು ನಮ್ಮ ಕೆಲಸ ಎಂದು ನಾವು ಬೇರೆ ಮಾಡಿಟ್ಟಿರುವುದು ಕಡೆಗೆ ಒಂದೇ ಸಾಲಿಗೆ ಬಂದು ನಿಲ್ಲುತ್ತದೆ.

'ಹತ್ತು ಮನೆಯವರೂ ಹೀಗೆ ಫೋನ್ ಮಾಡಿದರೆ ಅವನಿಗೆ ಕಿರಿಕಿರಿಯಾಗಲ್ವಾ' ಎಂದೂ ಆ ಗೆಳೆಯರು ಕೇಳಿದರು. ಹತ್ತು ಮನೆಯವರು ಫೋನ್ ಮಾಡುವ ದಿನ ಬರಲಿ, ಆಗ ಆ ತೊಂದರೆಯನ್ನು ನೋಡೋಣ.

ಚಂಡಮಾರುತವೆಂದರೆ ಕುಣಿಗಲಿಗೆ ಪರಕೀಯವಾದದ್ದಲ್ಲ. ರಾಗಿ ಕೊಯ್ಯುವ ಕಾಲಕ್ಕೆ ಸರಿಯಾಗಿ ಆಕಾಶ ಮುಚ್ಚಿಕೊಂಡು ಮೂರು ದಿನ ಜಡಿ ಹಿಡಿದರೆ, ಬಸ್ ಸ್ಟ್ಯಾಂಡಿನಲ್ಲಿ ನಿಂತವರೆಲ್ಲ 'ಸೈಕ್ಲೋನ್ ಅಂತೆ' ಎನ್ನುತ್ತಾರೆ. 2021ರ ನವೆಂಬರಿನ ಮಳೆಗೆ ಹೊಲದಲ್ಲೇ ಮಲಗಿದ ರಾಗಿ ತೆನೆಯಲ್ಲೇ ಮೊಳೆತದ್ದನ್ನು ಈ ಸೀಮೆಯ ರೈತರು ಮರೆತಿಲ್ಲ. 2024ರ ನವೆಂಬರ್ 30ರಂದು ಪುದುಚೇರಿ ಬಳಿ ನೆಲಕ್ಕೇರಿದ ಫೆಂಗಲ್ ನಮ್ಮ ಒಳನಾಡಿಗೂ ಬಂದು ಡಿಸೆಂಬರ್ ಮೊದಲ ದಿನಗಳಲ್ಲಿ ಸುರಿಯಿತು. ಆಗ ನಾವು ಕೇಳುವುದು ರಾಗಿ ಮೆದೆಯ ಮೇಲೆ ಟಾರ್ಪಾಲು ಇದೆಯಾ ಎಂದು. ಅದೇ ಬಂಗಾಳ ಕೊಲ್ಲಿಯಲ್ಲಿ ಏಳುವ ಗಾಳಿ ಒಬ್ಬನಿಗೆ ಮನೆಯ ಮಾತು, ಇನ್ನೊಬ್ಬನಿಗೆ ಮೆದೆಯ ಮಾತು.

2024ರ ಮೇ 26ರ ರಾತ್ರಿ ರೆಮಲ್ ಚಂಡಮಾರುತ ಬಂಗಾಳದ ಕರಾವಳಿಗೆ ಬಂತು. ಈ ಸಲ ನನ್ನ ಫೋನಿನಲ್ಲಿ ಹೆಸರಿತ್ತು, ಕಾಕದ್ವೀಪದ ಹತ್ತಿರದ ಹಳ್ಳಿಯ ಹೆಸರೂ ಇತ್ತು. ಹನ್ನೆರಡು ದಿನ ಬಿಟ್ಟು ಮಾಡಿದೆ. ಎತ್ತಿದ. ಈಗ ಮನೆಗೆ ಇಟ್ಟಿಗೆ ಗೋಡೆ, ಏನೂ ಆಗಿಲ್ಲ. ಎಲೆ ತೋಟದ ಒಂದು ಪಕ್ಕ ಮಲಗಿದೆ, ಬಿದಿರು ತರಬೇಕು. ಬಿದಿರು ಎಷ್ಟು ಎಂದೆ, ಹೇಳಿದ. ನಮ್ಮಲ್ಲಿ ಎಲೆ ಕಟ್ಟು ಎಷ್ಟು ಎಂದ, ನಾನೂ ಹೇಳಿದೆ. ಅಮ್ಮ ಹೇಗಿದ್ದಾರೆ ಸಾರ್ ಎಂದು ಕೇಳಿದ. ಅಮ್ಮ ತೀರಿಕೊಂಡು ವರ್ಷವಾಗಿತ್ತು, ಅದನ್ನೂ ಹೇಳಿದೆ. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಆಮೇಲೆ ಅವನೇ ಕೇಳಿದ:

"ಸಾರ್, ಸಿಂಕ್ ಹತ್ರ ಗೋಡೆಯಿಂದ ಎರಡನೇ ಟೈಲು. ಅವತ್ತು ಟೊಳ್ಳು ಕೂತಿತ್ತು, ನಾನು ತಟ್ಟಿ ನೋಡಲೇ ಇಲ್ಲ. ಎದ್ದಿದೆಯಾ?"

ಇಲ್ಲಪ್ಪಾ, ಇನ್ನೂ ಹಾಗೇ ಇದೆ ಅಂದೆ.